ಶಿರಸಿಯ ಟೀಮ್ಸ್, ಕಾರವಾರದ ಸ್ಲ್ಯಾಕ್: ನಡುವೆ ಕೊಂಡಿ ಹಾಕುವ ಮೂರು ದಾರಿಗಳ ಹೋಲಿಕೆ

ಶಿರಸಿಯ ಮುಖ್ಯ ಕಚೇರಿ ಮೈಕ್ರೋಸಾಫ್ಟ್ ಟೀಮ್ಸ್ ಬಿಡುವುದಿಲ್ಲ, ಕಾರವಾರದ ಸಾಗಣೆ ವಿಭಾಗ ಸ್ಲ್ಯಾಕ್ ಬಿಡುವುದಿಲ್ಲ; ಎರಡೂ ಕಚೇರಿಯೊಳಗೆ ಸಂದೇಶ ಹಂಚುವ ತಂತ್ರಾಂಶಗಳು. ಎತ್ತು ಏರಿಗೆ, ಕೋಣ ನೀರಿಗೆ. ಇವೆರಡರ ನಡುವೆ ದಾಟಬೇಕಾದದ್ದು ಹೆಚ್ಚೇನಿಲ್ಲ: ಲೆಕ್ಕದ ತಂತ್ರಾಂಶದಿಂದ ಹೊರಡುವ ಅಡಿಕೆ ಟೆಂಡರ್ ದರ, ಲಾರಿ ಹೊರಟ ಸುದ್ದಿ, ರಸೀದಿಯ ಫೋಟೊ, ಅದಕ್ಕೆ ಬಂದ ಉತ್ತರ. ಇಷ್ಟಕ್ಕೆ ಒಂದು ತಂತ್ರಾಂಶದ ಸುದ್ದಿಯನ್ನು ತಾನಾಗಿ ಇನ್ನೊಂದಕ್ಕೆ ಒಯ್ಯುವ ಸಾಧನಗಳಾದ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್, ಜೇಪಿಯರ್, ಸ್ವಂತ ಸರ್ವರ್‌ನಲ್ಲಿ ಎನ್8ಎನ್ ಮೂರನ್ನೂ ಕಟ್ಟಿ, ಒಂದೇ ಬಗೆಯ ಸಂದೇಶ ಹರಿಸಿ, ನಡುವೆ ಬೇಕೆಂದೇ ನೆಟ್ ವೈರ್ ಕಿತ್ತು ನೋಡಿದ ಹೋಲಿಕೆ ಇದು. ಸಲೀಸಾಗಿ ನಡೆಯುವಾಗ ಮೂರೂ ಒಂದೇ. ಕೆಟ್ಟಾಗ ಯಾವುದು ಬಾಯಿ ಬಿಟ್ಟು ಹೇಳುತ್ತದೆ, ಯಾವುದು ಮುಚ್ಚಿಟ್ಟುಕೊಳ್ಳುತ್ತದೆ ಎಂಬಲ್ಲಿ ವ್ಯತ್ಯಾಸ ಇದೆ.

ಮೊದಲು ಒಂದು ಪರೀಕ್ಷೆ. ಸಂದೇಶ ಮುಟ್ಟಲಿಲ್ಲ ಎಂದಾಗ ಇಡೀ ಕೊಂಡಿಯನ್ನು ಬಿಚ್ಚಿ ಹರಡಿಕೊಂಡು ಕೂರಬೇಡಿ. ಕರ್ಲ್‌ನಿಂದ (ಆದೇಶ ಬರೆದು ವೆಬ್ ವಿಳಾಸಕ್ಕೆ ಮಾಹಿತಿ ಕಳಿಸುವ ಸಾಧನ) ಎರಡೇ ಪದದ ಸಂದೇಶವನ್ನು ಸ್ಲ್ಯಾಕ್‌ನ ವೆಬ್‌ಹುಕ್‌ಗೂ (ಹೊರಗಿನ ಸಂದೇಶ ಸ್ವೀಕರಿಸುವ ವೆಬ್ ವಿಳಾಸ) ಟೀಮ್ಸ್‌ನ ವೆಬ್‌ಹುಕ್‌ಗೂ ಬೇರೆಬೇರೆಯಾಗಿ ನೇರ ಕಳಿಸಿ. ಎರಡೂ ಕಡೆ ಮುಟ್ಟಿದರೆ ತಪ್ಪು ನಡುವಿನ ಸಾಧನದಲ್ಲಿದೆ ಅಥವಾ ಸಂದೇಶದ ಒಳಗೇ ಇದೆ. ಒಂದು ಕಡೆ ಮುಟ್ಟದಿದ್ದರೆ ಬಂದ ಸಂಖ್ಯೆ ನೋಡಿ: 401 ಎಂದರೆ ಗುರುತು ಒಪ್ಪಲಿಲ್ಲ, 403 ಎಂದರೆ ಗುರುತು ಸರಿ ಆದರೆ ಅನುಮತಿ ಇಲ್ಲ, 429 ಎಂದರೆ ಅವಸರ ಜಾಸ್ತಿಯಾಯಿತು. ಸ್ಲ್ಯಾಕ್ ವೆಬ್‌ಹುಕ್ ಸರಾಸರಿ ಸೆಕೆಂಡಿಗೆ ಒಂದು ಸಂದೇಶ ಒಪ್ಪುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂಬ ನಾಲ್ಕೂ ಬಗೆ ಅಡಿಕೆಯ ದರವನ್ನು ಒಂದೇ ಕ್ಷಣಕ್ಕೆ ಎಸೆದರೆ 429 ಬರುವುದು ಸಹಜ. ಒಂದೇ ಸಂದೇಶದಲ್ಲಿ ಕಟ್ಟಿ ಕಳಿಸಿದರೆ ಆ ತಲೆನೋವೇ ಇಲ್ಲ.

ಪವರ್ ಆಟೊಮೇಟ್‌ನಿಂದ ಶುರು ಮಾಡುವುದು ಸರಿ, ಏಕೆಂದರೆ ಟೀಮ್ಸ್ ಇರುವ ಕಚೇರಿಯಲ್ಲಿ ಅದು ಬಹುತೇಕ ಮೊದಲೇ ಇರುತ್ತದೆ. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಟೀಮ್ಸ್‌ನ ಹಳೆಯ ಆಫೀಸ್ 365 ಕನೆಕ್ಟರ್‌ಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಗಡುವು ಮುಂದೆ ಹೋದರೂ ದಾರಿ ಬದಲಾಗಲಿಲ್ಲ: ಈಗ ಹೊರಗಿನ ಸಂದೇಶ ಒಳಗೆ ಬರಬೇಕಾದರೆ ವರ್ಕ್‌ಫ್ಲೋಸ್ ವೆಬ್‌ಹುಕ್ ಮಾಡಬೇಕು. ಚಾನೆಲ್‌ನ ಮೂರು ಚುಕ್ಕಿ, ವರ್ಕ್‌ಫ್ಲೋಸ್, ವೆಬ್‌ಹುಕ್ ಬಂದಾಗ ಚಾನೆಲ್‌ಗೆ ಹಾಕುವ ಟೆಂಪ್ಲೇಟ್, ಬಂದ ಯುಆರ್‌ಎಲ್ ನಕಲು. ಐದು ನಿಮಿಷದ ಕೆಲಸ. ಎಡವುವುದು ಆಮೇಲೆ.

ಒಂದನೆಯದು, 202 ಎಂಬ ಉತ್ತರ. ಅದು ಬಂದರೆ ಸಂದೇಶ ಮುಟ್ಟಿತು ಎಂದುಕೊಳ್ಳುವವರೇ ಹೆಚ್ಚು. ಅಂಚೆಯವ ಕಾಗದ ಕೈಗೆ ತೆಗೆದುಕೊಂಡ ಎಂದಷ್ಟೇ ಅದರ ಅರ್ಥ. ಒಳಗೆ ಕಾರ್ಡ್ (ಚಾನೆಲ್‌ನಲ್ಲಿ ಕಾಣುವ ಚೌಕಟ್ಟಿನ ಸಂದೇಶ) ತಪ್ಪಿದ್ದು ಫ್ಲೋ (ಪವರ್ ಆಟೊಮೇಟ್‌ನಲ್ಲಿ ಕಟ್ಟಿದ ಹಂತಗಳ ಸರಣಿ) ಸತ್ತರೂ ಕಳಿಸಿದ ತಂತ್ರಾಂಶಕ್ಕೆ ಸಿಕ್ಕಿದ್ದು 202 ಮಾತ್ರ. ಹಳೆಯ ಕನೆಕ್ಟರ್ ಇನ್ನೂ ವಿಚಿತ್ರ: 429 ಆದರೂ 200 ಎಂದು ಹೇಳಿ, ನಿಜವಾದ ತಪ್ಪನ್ನು ಉತ್ತರದ ಒಳಗಿನ ಸಾಲಿನಲ್ಲಿ ಬರೆಯುತ್ತಿತ್ತು. ಪರಿಹಾರ ಹೀಗೆ: ಕಾರ್ಡ್ ಹಾಕುವ ಹಂತದ ಕೆಳಗೆ ಮತ್ತೊಂದು ಹಂತ ಸೇರಿಸಿ, ಅದರ ರನ್ ಆಫ್ಟರ್ ಆಯ್ಕೆಯಲ್ಲಿ ‘ಸಕ್ಸಸ್‌ಫುಲ್’ ತೆಗೆದು ‘ಫೇಲ್ಡ್’ ಮತ್ತು ‘ಟೈಮ್ಡ್ ಔಟ್’ ಗುರುತು ಮಾಡಿ, ಅಲ್ಲಿಂದ ಇಬ್ಬರಿಗೆ ಇಮೇಲ್ ಹೋಗುವಂತೆ ಮಾಡಿ. ಒಬ್ಬರಿಗೆ ಸಾಲದು, ಅವರು ರಜೆಯಲ್ಲಿರುತ್ತಾರೆ.

ಎರಡನೆಯದು ಮಾಲೀಕತ್ವ. ಫ್ಲೋ ಅದನ್ನು ಮಾಡಿದವರ ಖಾತೆಗೆ ಅಂಟಿಕೊಂಡಿರುತ್ತದೆ. ಅವರ ಪಾಸ್‌ವರ್ಡ್ ಬದಲಾದರೆ ಕನೆಕ್ಷನ್ ಕಡಿಯಬಹುದು; ಕೆಲಸ ಬಿಟ್ಟರೆ ಕೇಳುವವರೇ ಇಲ್ಲ. ಸತತ 14 ದಿನ ಸೋಲುತ್ತಲೇ ಇದ್ದರೆ ಫ್ಲೋ ತಾನಾಗಿ ಆಫ್ ಆಗುತ್ತದೆ, ರನ್ ಹಿಸ್ಟರಿ ಸಿಗುವುದು 28 ದಿನದ್ದು ಮಾತ್ರ. ತಿಂಗಳ ಲೆಕ್ಕ ಮುಗಿಸುವಾಗ ‘ದರ ಯಾಕೆ ಬಂದಿಲ್ಲ’ ಎಂದು ಹುಡುಕ ಹೊರಟರೆ ಕುರುಹೂ ಇರುವುದಿಲ್ಲ. ಮೊದಲ ದಿನವೇ ಕೋ-ಓನರ್ ಸೇರಿಸಿ. ಖಾಸಗಿ ಚಾನೆಲ್ ಆಗಿದ್ದರೆ ‘ಫ್ಲೋ ಬಾಟ್’ ಹೆಸರಲ್ಲಿ ಹಾಕಲು ಬರದೆ ಇರಬಹುದು. ಆಗ ‘ಯೂಸರ್’ ಎಂದು ಬದಲಿಸಬೇಕು.

ಮೂರನೆಯದು ಹಳೆಯ ಮೆಸೇಜ್‌ಕಾರ್ಡ್ ರೂಪ. ಹಳೆ ಕನೆಕ್ಟರ್‌ಗೆ ಬರೆದ ಜೇಸನ್ ಪಠ್ಯವನ್ನು (ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳುವ ರೂಪ) ಹಾಗೆಯೇ ಹೊಸ ಯುಆರ್‌ಎಲ್‌ಗೆ ಕಳಿಸಿದರೆ ಖಾಲಿ ಕಾರ್ಡ್, ಇಲ್ಲವೇ ಗುಂಡಿಗಳಿಲ್ಲದ ಕಾರ್ಡ್ ಬರುವ ಸಂಭವವಿದೆ. ಅಡಾಪ್ಟಿವ್ ಕಾರ್ಡ್ ಎಂಬ ಹೊಸ ರೂಪಕ್ಕೆ ಬದಲಿಸಿ, ಅದನ್ನು ಅಟ್ಯಾಚ್‌ಮೆಂಟ್ಸ್ ಪಟ್ಟಿಯ ಒಳಗೆ ಇಡಿ. ಆ ಹೊರಕವಚ ಮರೆತು ಕಾರ್ಡನ್ನು ಬರಿದಾಗಿ ಕಳಿಸುವುದೇ ಬಹುಮಂದಿ ಮಾಡುವ ತಪ್ಪು.

ಇನ್ನು ತಿರುಗು ದಾರಿ, ಸ್ಲ್ಯಾಕ್‌ನಿಂದ ಟೀಮ್ಸ್‌ಗೆ. ಇಲ್ಲಿ ಪವರ್ ಆಟೊಮೇಟ್ ಹಿಂದೆ ಬೀಳುತ್ತದೆ. ಸ್ಲ್ಯಾಕ್‌ನ ಈವೆಂಟ್ಸ್ ವ್ಯವಸ್ಥೆ ಮೊದಲ ಸಲ ಒಂದು ‘ಚಾಲೆಂಜ್’ ಪದ ಕಳಿಸಿ ಅದನ್ನೇ ಮರಳಿ ಹೇಳು ಎನ್ನುತ್ತದೆ. ಟೀಮ್ಸ್ ವೆಬ್‌ಹುಕ್ ಟ್ರಿಗರ್ (ಫ್ಲೋವನ್ನು ಎಬ್ಬಿಸುವ ಮೊದಲ ಹಂತ) ಬರೀ 202 ಎಂದು ಸುಮ್ಮನಾಗುವುದರಿಂದ ಪರೀಕ್ಷೆ ಪಾಸಾಗುವುದಿಲ್ಲ. ಉತ್ತರ ಹೇಳಬಲ್ಲ ಎಚ್‌ಟಿಟಿಪಿ ಟ್ರಿಗರ್ ಪ್ರೀಮಿಯಂ ಲೈಸೆನ್ಸ್‌ನಲ್ಲಿದೆ. ಟೀಮ್ಸ್ ಕಡೆಯಿಂದ ಹೊರಡುವ ‘ಚಾನೆಲ್‌ಗೆ ಹೊಸ ಸಂದೇಶ’ ಎಂಬ ಟ್ರಿಗರ್ ಕೂಡ ಮೂಲ ಸಂದೇಶಕ್ಕೆ ಮಾತ್ರ ಓಗೊಡುತ್ತದೆ, ಅದರ ಕೆಳಗಿನ ಉತ್ತರಗಳಿಗಲ್ಲ. ‘ಲಾರಿ ಹೊರಟಿತು’ ದಾಟುತ್ತದೆ, ಅದರ ಕೆಳಗೆ ಬರೆದ ‘ಬೇಡ, ನಿಲ್ಲಿಸಿ’ ದಾಟುವುದಿಲ್ಲ. ಇದು ಸಣ್ಣ ಕೊರತೆ ಅಲ್ಲ.

ಜೇಪಿಯರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಕಟ್ಟುವುದು ಅತಿ ಸುಲಭ, ಕೆಟ್ಟರೆ ಇಮೇಲ್ ಬರುತ್ತದೆ, ಯಾವ ಹಂತದಲ್ಲಿ ಯಾವ ಮಾಹಿತಿ ಇತ್ತು ಎಂದು ಸ್ಪಷ್ಟ ತೋರಿಸುತ್ತದೆ. ಕಷ್ಟ ಇರುವುದು ಎಣಿಕೆಯಲ್ಲಿ. ಉಚಿತ ಯೋಜನೆಯಲ್ಲಿ ತಿಂಗಳಿಗೆ 100 ಟಾಸ್ಕ್ (ಇಲ್ಲಿ ಕಳಿಸಿದ ಒಂದೊಂದು ಸಂದೇಶವೂ ಒಂದು ಟಾಸ್ಕ್), ಎರಡೇ ಹಂತ. ನಾಲ್ಕು ಬಗೆ ಅಡಿಕೆ, ಜೊತೆಗೆ ಕಾಳುಮೆಣಸು, ತಿಂಗಳಿಗೆ 22 ವ್ಯವಹಾರದ ದಿನ ಎಂದರೆ 110 ಆಯಿತು. ತಿಂಗಳ ಕೊನೆಯ ದಿನಗಳಲ್ಲಿ ದರ ನಿಲ್ಲುತ್ತದೆ. ಒಟ್ಟುಗೂಡಿಸಿ ಕಳಿಸಿದರೆ 22ರಲ್ಲೇ ಮುಗಿಯುತ್ತದೆ. ಪೋಲಿಂಗ್ ಬಗೆಯ ಟ್ರಿಗರ್ ಆದರೆ ಉಚಿತ ಯೋಜನೆಯಲ್ಲಿ 15 ನಿಮಿಷಕ್ಕೊಮ್ಮೆ ಇಣುಕುತ್ತದೆ, ಟೆಂಡರ್ ಸುದ್ದಿಗೆ ಅದು ಹಳಸಲು. ಐಟಿ ನೋಡಿಕೊಳ್ಳುವವರೇ ಇಲ್ಲದ ಕಚೇರಿಗೆ, ಏಕಮುಖ ಸುದ್ದಿಗೆ ಇದು ಸಾಕು.

ಎನ್8ಎನ್‌ಗೆ ಕೈ ಹಾಕುವವರು ಮೊದಲು ನೆಟ್ ಲೈನ್ ನೋಡಬೇಕು. ಶಿರಸಿ-ಸಿದ್ದಾಪುರ ಕಡೆಯ ಅನೇಕ ಫೈಬರ್ ಸಂಪರ್ಕಗಳಿಗೆ ಸ್ವಂತ ಪಬ್ಲಿಕ್ ಐಪಿ ಇರುವುದಿಲ್ಲ, ಸಿಜಿ-ನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇರುತ್ತವೆ. ರೌಟರ್‌ನಲ್ಲಿ ಎನ್8ಎನ್‌ನ 5678 ಪೋರ್ಟ್ ತೆರೆದು ಎಷ್ಟು ಕಾದರೂ ಹೊರಗಿನವರು ಒಳಗೆ ಬರಲಾರರು. ಪತ್ತೆ ಹಚ್ಚುವುದು ಸುಲಭ: ರೌಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ಅದು ಸಿಜಿ-ನ್ಯಾಟ್. ಆಗ ಒಳಗಿನ ಸರ್ವರ್‌ಗೆ ಹೊರಗಿನಿಂದ ದಾರಿ ಮಾಡುವ ಕ್ಲೌಡ್‌ಫ್ಲೇರ್ ಟನೆಲ್ ಹಾಕಬೇಕು, ಇಲ್ಲವೇ ಬಾಡಿಗೆ ವಿಪಿಎಸ್ (ಬೇರೆ ಕಡೆಯ ಡೇಟಾ ಕೇಂದ್ರದಲ್ಲಿರುವ ಸರ್ವರ್) ಮೇಲೆ ಇಡಬೇಕು. ನಮ್ಮ ಮತ ವಿಪಿಎಸ್ ಕಡೆಗೆ, ಕಾರಣ ಮಳೆಗಾಲ. ಸ್ಲ್ಯಾಕ್ ಒಂದು ಈವೆಂಟ್ ಕಳಿಸಿ 3 ಸೆಕೆಂಡ್ ಒಳಗೆ ಉತ್ತರ ಬರದಿದ್ದರೆ ತಕ್ಷಣ ಒಮ್ಮೆ, 1 ನಿಮಿಷಕ್ಕೆ ಒಮ್ಮೆ, ಮತ್ತೆ 5 ನಿಮಿಷಕ್ಕೆ ಒಮ್ಮೆ ಯತ್ನಿಸಿ ಕೈ ಬಿಡುತ್ತದೆ. ದೇವಿಮನೆ ಘಾಟಿಯಲ್ಲಿ ಮರ ಬಿದ್ದು ಕೇಬಲ್ ಹರಿದರೆ ಆರು ನಿಮಿಷಕ್ಕೆ ಸರಿಹೋಗುತ್ತದೆಯೇ? ವಿಪಿಎಸ್ ಮೇಲಿದ್ದರೆ ಕಚೇರಿಯಲ್ಲಿ ನೆಟ್ ಇಲ್ಲದಿದ್ದರೂ ಸಂದೇಶ ಟೀಮ್ಸ್‌ನಲ್ಲಿ ಕಾದಿರುತ್ತದೆ.

ಅದೇ 3 ಸೆಕೆಂಡ್ ಇನ್ನೊಂದು ಕಾಟವನ್ನೂ ಕೊಡುತ್ತದೆ. ಎನ್8ಎನ್‌ನ ವೆಬ್‌ಹುಕ್ ನೋಡ್ ‘ಎಲ್ಲ ಮುಗಿದ ಮೇಲೆ ಉತ್ತರಿಸು’ ಎಂದಿದ್ದರೆ, ಫೋಟೊ ಇಳಿಸಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿ, ಸ್ಲ್ಯಾಕ್ ಮತ್ತೆ ಕಳಿಸಿ, ಒಂದೇ ರಸೀದಿ ಟೀಮ್ಸ್‌ನಲ್ಲಿ ನಾಲ್ಕು ಸಲ ಬೀಳುತ್ತದೆ. ‘ತಕ್ಷಣ ಉತ್ತರಿಸು’ ಎಂದು ಇಡಿ, ಜೊತೆಗೆ ಈವೆಂಟ್ ಐಡಿಯನ್ನು ಬರೆದಿಟ್ಟುಕೊಂಡು ಎರಡನೇ ಸಲ ಬಂದರೆ ಬಿಸಾಡಿ.

ಎನ್8ಎನ್‌ನಲ್ಲಿ ಹೊಸಬರು ಬೀಳುವ ಗುಂಡಿಗಳು ಇನ್ನೂ ಮೂರಿವೆ. ಟೆಸ್ಟ್ ಯುಆರ್‌ಎಲ್ ಬೇರೆ, ಪ್ರೊಡಕ್ಷನ್ ಯುಆರ್‌ಎಲ್ ಬೇರೆ. ಟೆಸ್ಟ್‌ನದ್ದು ಗುಂಡಿ ಒತ್ತಿ ಕಾದಾಗ ಮಾತ್ರ ಕೇಳಿಸಿಕೊಳ್ಳುತ್ತದೆ. ‘ನಿನ್ನೆ ಬರುತ್ತಿತ್ತು, ಇವತ್ತು 404’ ಎಂದರೆ ಬಹುಪಾಲು ಕಾರಣ ಇದೇ. ಎರಡು, ಎನ್‌ಕ್ರಿಪ್ಶನ್ ಕೀ. ಡಾಕರ್ ಕಂಟೇನರ್ (ಎನ್8ಎನ್ ಓಡುವ ಪ್ರತ್ಯೇಕ ಪೆಟ್ಟಿಗೆ) ಅಳಿಸಿ ಹೊಸದು ಮಾಡುವಾಗ ಅದು ಕಳೆದರೆ, ಡೇಟಾಬೇಸ್ ಇದ್ದರೂ ಉಳಿಸಿಟ್ಟ ಪಾಸ್‌ವರ್ಡ್‌ಗಳು ಓದಲು ಬಾರವು. ಮೂರು, ಸಮಯ ವಲಯ. ಏನೂ ಹೇಳದಿದ್ದರೆ ಎನ್8ಎನ್ ನ್ಯೂಯಾರ್ಕ್ ಗಡಿಯಾರ ಹಿಡಿಯುತ್ತದೆ. ಬೆಳಗ್ಗೆ 9ಕ್ಕೆ ಎಂದು ಇಟ್ಟ ಕೆಲಸ ನಮ್ಮ ಸಂಜೆ 6:30ಕ್ಕೆ ಓಡುತ್ತದೆ, ಅಲ್ಲಿನ ಚಳಿಗಾಲದಲ್ಲಿ 7:30ಕ್ಕೆ. ಏಷ್ಯಾ/ಕೋಲ್ಕತಾ (Asia/Kolkata) ಎಂದು ಬರೆಯಿರಿ. ಪವರ್ ಆಟೊಮೇಟ್‌ಗೆ ಮಾತ್ರ ವಿಂಡೋಸ್‌ನ ಹೆಸರು ಬೇಕು, ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’. ಅದು ಒಳಗೆ ಲೆಕ್ಕ ಹಾಕುವುದು ಯುಟಿಸಿಯಲ್ಲಿ. ಮಧ್ಯಾಹ್ನ 12ರ ಟೆಂಡರ್ ಕಾರ್ಡ್‌ನಲ್ಲಿ ಬೆಳಗಿನ 6:30 ಎಂದು ಕಂಡರೆ ಪರಿವರ್ತನೆಯ ಹಂತವೇ ಇಲ್ಲವೆಂದು ತಿಳಿಯಿರಿ.

ಈಗ ಮೂರಕ್ಕೂ ಸೇರಿದ, ಆದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ ವಿಷಯ: ಕನ್ನಡ ಅಕ್ಷರ. ‘ಕೆಂಪುಗೋಟು’ ಇದ್ದರೆ ಮಾತ್ರ ಕಾರವಾರಕ್ಕೆ ಕಳಿಸು ಎಂಬ ಫಿಲ್ಟರ್ ಒಮ್ಮೊಮ್ಮೆ ಹಿಡಿಯುವುದೇ ಇಲ್ಲ, ಕಣ್ಣಿಗೆ ಎರಡೂ ಪದ ಒಂದೇ. ಕಾರಣ ‘ಗೋ’ದ ಓಕಾರ. ಯುನಿಕೋಡ್‌ನಲ್ಲಿ ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಲೆಕ್ಕದ ತಂತ್ರಾಂಶ ಬಿಡಿಸಿ ಕಳಿಸಿ, ಫಿಲ್ಟರ್‌ನಲ್ಲಿ ಕೂಡಿಸಿ ಟೈಪ್ ಮಾಡಿದ್ದರೆ ಯಂತ್ರಕ್ಕೆ ಅವು ಬೇರೆ ಪದಗಳು. ಈ ಇಬ್ಬಗೆ ಇರುವುದು ಐದು ಸ್ವರಚಿಹ್ನೆಗಳಲ್ಲಿ: ಈ, ಏ, ಐ, ಒ, ಓ. ಎನ್8ಎನ್‌ನ ಕೋಡ್ ನೋಡ್‌ನಲ್ಲಿ ನಾರ್ಮಲೈಸ್ ಎಂಬ ಒಂದು ಸಾಲು, ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ, ಹಾಕಿದರೆ ಮುಗಿಯಿತು. ಪವರ್ ಆಟೊಮೇಟ್‌ನಲ್ಲಿ ರಿಪ್ಲೇಸ್ ಮೇಲೆ ರಿಪ್ಲೇಸ್ ಪೇರಿಸಬೇಕು. ಇನ್ನೂ ಸುಲಭ, ಹೆಸರಿನ ಬದಲು ಸರಕಿನ ಕೋಡ್ ಸಂಖ್ಯೆಯ ಮೇಲೆ ಫಿಲ್ಟರ್ ಮಾಡುವುದು. ಮಾಹಿತಿ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿದ್ದರೆ ಇದ್ಯಾವುದೂ ನಡೆಯದು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕೊಂಡಿಯ ಮಾತು.

ಗಾತ್ರವೂ ಅಷ್ಟೇ. ಟೀಮ್ಸ್ ವೆಬ್‌ಹುಕ್ ಸಂದೇಶಕ್ಕೆ 28 ಕೆಬಿ ಮಿತಿ. ‘ಕ್ಷಿ’ ಎಂಬ ಒಂದು ಅಕ್ಷರ ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್. ಪೈಥಾನ್‌ನ ಜೇಸನ್ ಲೈಬ್ರರಿ ಏನೂ ಹೇಳದಿದ್ದರೆ ಪ್ರತಿ ಸಂಕೇತವನ್ನೂ ಆರು ಅಕ್ಷರಗಳ ಎಸ್ಕೇಪ್ ಆಗಿ ಬರೆಯುತ್ತದೆ. 12 ಇದ್ದದ್ದು 24 ಆಯಿತು. ಇಂಗ್ಲಿಷ್ ಪಟ್ಟಿ ಹಾಯಾಗಿ ಹೋಗಿ, ಅದರ ಕನ್ನಡ ರೂಪ ಮಾತ್ರ ಬಿದ್ದರೆ ಇಲ್ಲಿ ನೋಡಿ. ಎನ್ಶೂರ್-ಆಸ್ಕಿ ಆಯ್ಕೆಯನ್ನು ಫಾಲ್ಸ್ ಮಾಡಿ. ಸ್ಲ್ಯಾಕ್ ಕಡೆ ಒಂದು ಸೆಕ್ಷನ್ ಬ್ಲಾಕ್‌ಗೆ 3,000 ಕ್ಯಾರೆಕ್ಟರ್ ಮಿತಿ, ಉದ್ದದ ಪಟ್ಟಿಯನ್ನು ತುಂಡು ಮಾಡಲೇಬೇಕು. ಬೈಟ್ ಎಣಿಸಿ ಕತ್ತರಿಸಬೇಡಿ, ಒತ್ತಕ್ಷರ ನಡುವೆ ಸೀಳುತ್ತದೆ. ಸಾಲಿನ ಕೊನೆಯಲ್ಲಿ ಕತ್ತರಿಸಿ.

ಉತ್ತರಗಳನ್ನು ಸರಿಯಾದ ಥ್ರೆಡ್‌ಗೆ (ಮೂಲ ಸಂದೇಶದ ಕೆಳಗಿನ ಉತ್ತರಗಳ ಸಾಲಿಗೆ) ಸೇರಿಸುವುದು ಕೊಂಡಿಯ ಅತ್ಯಂತ ಕಠಿಣ ಭಾಗ. ಸ್ಲ್ಯಾಕ್‌ನ ಇನ್‌ಕಮಿಂಗ್ ವೆಬ್‌ಹುಕ್ ‘ಓಕೆ’ ಎಂದಷ್ಟೇ ಹೇಳುತ್ತದೆ, ಹಾಕಿದ ಸಂದೇಶದ ಗುರುತು ಕೊಡುವುದಿಲ್ಲ. ಬಾಟ್ ಟೋಕನ್ (ತಂತ್ರಾಂಶದ ಗುಟ್ಟಿನ ಗುರುತುಪದ) ಬಳಸಿ ಸ್ಲ್ಯಾಕ್‌ನ ಚಾಟ್-ಪೋಸ್ಟ್‌ಮೆಸೇಜ್ ಎಂಬ ಆದೇಶ ಕರೆದರೆ ಗುರುತು ಸಿಗುತ್ತದೆ: ಹತ್ತು ಅಂಕಿ, ಚುಕ್ಕಿ, ಮತ್ತೆ ಆರು ಅಂಕಿ. ಇದನ್ನು ಎಕ್ಸೆಲ್‌ನಲ್ಲಿ ಸಂಖ್ಯೆಯಾಗಿ ಬರೆದಿಟ್ಟರೆ ಕೆಟ್ಟಿತು. ಅದು ಉಳಿಸಿಕೊಳ್ಳುವುದು 15 ಅಂಕಿ, ಇಲ್ಲಿರುವುದು 16. ಕೊನೆಯ ಅಂಕಿ ಸೊನ್ನೆಯಾಗಿ ಥ್ರೆಡ್ ತಪ್ಪಿಹೋಗುತ್ತದೆ. ಹತ್ತರಲ್ಲಿ ಒಂದು ಉತ್ತರ ಮಾತ್ರ ಸರಿಯಾಗಿ ಕೂರುವ ಕೊಂಡಿ ಕಂಡರೆ, ಮಾರಾಯ್ರೆ, ಮೊದಲು ಆ ಕಾಲಂ ಟೆಕ್ಸ್ಟ್ ಆಗಿದೆಯೇ ನೋಡಿ.

ಎರಡೂ ದಿಕ್ಕಿನ ಕೊಂಡಿಯಲ್ಲಿ ಪ್ರತಿಧ್ವನಿಯ ಅಪಾಯ ಇದ್ದೇ ಇದೆ. ಟೀಮ್ಸ್‌ನ ‘ಸರಿ’ ಸ್ಲ್ಯಾಕ್‌ಗೆ ಹೋಗಿ, ಅಲ್ಲಿಂದ ಹೊಸ ಸಂದೇಶವೆಂದು ಮರಳಿ, ಮತ್ತೆ ಹೋಗಿ, ಸಾವಿರ ‘ಸರಿ’ ಆಗುತ್ತದೆ. ಬಾಟ್ ಐಡಿ ಇರುವ ಸಂದೇಶವನ್ನು ಎರಡೂ ತುದಿಯಲ್ಲಿ ಮೊದಲ ಹಂತದಲ್ಲೇ ತಡೆಯಿರಿ. ಫೋಟೊ ಬದಲು ಒಡೆದ ಚಿತ್ರ ಬಂದರೆ, ಆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಒಳಗೆ ಸ್ಲ್ಯಾಕ್‌ನ ಲಾಗಿನ್ ಪುಟ ಕಾಣುತ್ತದೆ. ಸ್ಲ್ಯಾಕ್‌ನ ಖಾಸಗಿ ಕಡತದ ಯುಆರ್‌ಎಲ್‌ಗೆ ಟೋಕನ್ ಬೇಕು. ಟೋಕನ್ ಹಿಡಿದು ಇಳಿಸಿಕೊಂಡು, ಶೇರ್‌ಪಾಯಿಂಟ್‌ಗೆ ಏರಿಸಿ, ಆ ವಿಳಾಸ ಕಳಿಸಿ.

ಎಲ್ಲ ಕಟ್ಟಿ ನೋಡಿದ ಮೇಲೆ ನಾವು ಉಳಿಸಿಕೊಳ್ಳುವುದು ಬೆರಕೆ. ನಡುವೆ ವಿಪಿಎಸ್ ಮೇಲಿನ ಎನ್8ಎನ್, ಟೀಮ್ಸ್ ಬಾಯಲ್ಲಿ ವರ್ಕ್‌ಫ್ಲೋಸ್ ವೆಬ್‌ಹುಕ್, ಏಕೆಂದರೆ ಮೈಕ್ರೋಸಾಫ್ಟ್‌ನ ಗ್ರಾಫ್ ಎಪಿಐಯಲ್ಲಿ (ಬೇರೆ ತಂತ್ರಾಂಶಗಳು ಟೀಮ್ಸ್ ಜೊತೆ ಮಾತಾಡುವ ಬಾಗಿಲು) ಆಪ್‌ನ ಸ್ವಂತ ಅನುಮತಿಯಿಂದ ಚಾನೆಲ್‌ಗೆ ಮಾಮೂಲಿ ಸಂದೇಶ ಹಾಕಲು ಬರುವುದಿಲ್ಲ, ಯಾರಾದರೊಬ್ಬರ ಲಾಗಿನ್ ಬೇಕು. ಟೀಮ್ಸ್‌ನ ಉತ್ತರಗಳನ್ನು ಓದಲು ಗ್ರಾಫ್ ಚಂದಾ (ಹೊಸದು ಬಂದರೆ ತಿಳಿಸು ಎಂಬ ನೋಂದಣಿ) ಬೇಕು. ಲೈಫ್‌ಸೈಕಲ್ ವಿಳಾಸ (ಚಂದಾದ ಸ್ಥಿತಿ ತಿಳಿಸಲು ಕೊಡುವ ವಿಳಾಸ) ಕೊಡದಿದ್ದರೆ ಅದಕ್ಕೆ ಒಂದು ಗಂಟೆಯ ಆಯಸ್ಸು. 45 ನಿಮಿಷಕ್ಕೊಮ್ಮೆ ನವೀಕರಿಸುವ ಕೆಲಸವನ್ನು ಎನ್8ಎನ್‌ನಲ್ಲೇ ಇಡಿ. ಮೈಕ್ರೋಸಾಫ್ಟ್‌ನ ಖಾತೆ-ಅನುಮತಿ ನೋಡಿಕೊಳ್ಳುವ ಎಂಟ್ರಾದಲ್ಲಿ ಆಪ್‌ನ ಕ್ಲೈಂಟ್ ಸೀಕ್ರೆಟ್‌ಗೆ (ಆಪ್‌ನ ಪಾಸ್‌ವರ್ಡ್) ಹೆಚ್ಚೆಂದರೆ 24 ತಿಂಗಳು. ಮುಗಿಯುವ ದಿನಕ್ಕೆ ಎರಡು ವಾರ ಮೊದಲು ಎಚ್ಚರಿಸುವಂತೆ ಕ್ಯಾಲೆಂಡರ್‌ನಲ್ಲಿ ಬರೆಯಿರಿ, ಆದರೆ ಆ ಎಚ್ಚರಿಕೆ ಇದೇ ಕೊಂಡಿಯ ಮೂಲಕ ಬರುವಂತೆ ಇಡಬೇಡಿ.