ಆಫೀಸಿನಲ್ಲಿ ಕೆಮ್ಮು ಹರಡದಂತೆ: ಎಕ್ಸಾಸ್ಟ್ ಫ್ಯಾನ್, ಏರ್ ಪ್ಯೂರಿಫೈಯರ್, ಸ್ಯಾನಿಟೈಸರ್ ಯಂತ್ರ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಕ್ಸಾಸ್ಟ್ ಫ್ಯಾನಿಗೆ. ಮೈಸೂರಿನ ಶಿವರಾಂಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ₹1,600 ಕೊಟ್ಟು ತಂದ ಹತ್ತು ಇಂಚಿನ ಸಾದಾ ಫ್ಯಾನ್. ಜೊತೆಗೆ ಎದುರು ಗೋಡೆಯಲ್ಲಿ ತೆರೆದಿಟ್ಟ ಎರಡು ಕಿಟಕಿ. ಏರ್ ಪ್ಯೂರಿಫೈಯರ್ ಎರಡನೇ ಸ್ಥಾನದಲ್ಲಿದೆ. ಕೈ ಒಡ್ಡಿದರೆ ಸುರಿಯುವ ಸ್ಯಾನಿಟೈಸರ್ ಯಂತ್ರಕ್ಕೆ ಮತ್ತೆ ದುಡ್ಡು ಹಾಕುವುದಿಲ್ಲ.

ನಮ್ಮದು ಸರಸ್ವತಿಪುರಂನಲ್ಲಿ ಮೊದಲನೇ ಮಹಡಿಯ ಸಣ್ಣ ಟ್ಯಾಕ್ಸ್ ಆಫೀಸು. ಒಂದೇ ಹಾಲ್, ಏಳು ಜನ, ಒಂದು ಸ್ಪ್ಲಿಟ್ ಎಸಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್, ಮಾರ್ಚ್‌ನಲ್ಲಿ ವರ್ಷದ ಕೊನೆ, ಜುಲೈ ಬಂತೆಂದರೆ ಐಟಿ ರಿಟರ್ನ್. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಸಲ, ಮಳೆಗಾಲದಲ್ಲಿ ಇನ್ನೊಂದು ಸಲ. ಎರಡೂ ನಮಗೆ ಕೆಲಸ ಜಾಸ್ತಿ ಇರುವ ಕಾಲವೇ. ಒಬ್ಬರು ಕೆಮ್ಮುತ್ತಾ ಬಂದರೆ ವಾರ ಕಳೆಯುವುದರೊಳಗೆ ಅರ್ಧ ಆಫೀಸು ಮಲಗಿರುತ್ತಿತ್ತು. ನಮ್ಮಲ್ಲಿ ಒಬ್ಬರ ಅತ್ತೆ ಡಯಾಲಿಸಿಸ್‌ನಲ್ಲಿದ್ದಾರೆ, ಇನ್ನೊಬ್ಬರ ಮನೆಯಲ್ಲಿ ಎಳೆ ಮಗು ಇದೆ. ಆಫೀಸಿನ ಕೆಮ್ಮು ಅವರ ಮನೆಗೆ ಹೋಗಬಾರದು. ನನಗೆ ಮುಖ್ಯವಾಗಿದ್ದು ಅದು.

ಸ್ಯಾನಿಟೈಸರ್ ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೆಲ್ ಹಾಕಿದರೆ ಮೂತಿ ಕಟ್ಟಿಕೊಳ್ಳುತ್ತದೆ, ನೀರಿನಂಥದ್ದು ಹಾಕಿದರೆ ಕೆಳಗೆ ತೊಟ್ಟಿಕ್ಕಿ ನೆಲ ಜಾರುತ್ತದೆ. ಕೈ ಒಣಗುವ ಮೊದಲೇ ಹಾಜರಿ ಯಂತ್ರಕ್ಕೆ ಬೆರಳು ಕೊಟ್ಟರೆ ಅದು ಓದುವುದೇ ಇಲ್ಲ. ಇದೆಲ್ಲ ಸಹಿಸಬಹುದು. ವಿಷಯ ಬೇರೆ ಇದೆ. ಫ್ಲೂ, ಕೋವಿಡ್, ಕ್ಷಯ ಇವೆಲ್ಲ ಗಾಳಿಯಲ್ಲಿ ಉಸಿರಿನ ಜೊತೆ ಬರುತ್ತವೆ. ಕೈ ಎಷ್ಟು ಚೊಕ್ಕವಾಗಿದ್ದರೂ ಪಕ್ಕದವರು ಬಿಟ್ಟ ಉಸಿರನ್ನು ಎಳೆದುಕೊಳ್ಳುವುದು ನಿಲ್ಲುವುದಿಲ್ಲ, ಅಲ್ವಾ? ಇನ್ನು ಕೈಯಿಂದ ಬಾಯಿಗೆ ಹೋಗುವ ವಾಂತಿ-ಭೇದಿಯ ನೊರೊವೈರಸ್‌ಗೆ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಸೋಪು, ನೀರು, 20 ಸೆಕೆಂಡು ಉಜ್ಜುವುದೇ ಸರಿ. ಹಾಗಾಗಿ ಸಿಂಕಿನ ಹತ್ತಿರ ಒತ್ತುವ ಸೋಪಿನ ಬಾಟಲಿ ಇಟ್ಟಿದ್ದೇವೆ. ಎಲ್ಲರೂ ಒರೆಸುತ್ತಿದ್ದ ಒಂದೇ ಟವೆಲ್ ತೆಗೆದಿದ್ದೇವೆ. ನೀರಿಲ್ಲದ ಕಡೆ, ಬಸ್ಸಿನಲ್ಲಿ, ಬ್ಯಾಗಿನಲ್ಲಿ ಸಣ್ಣ ಸ್ಯಾನಿಟೈಸರ್ ಬಾಟಲಿ ಇರಲಿ, ಅದರಲ್ಲಿ 60 ಶೇಕಡಾಕ್ಕೆ ಕಡಿಮೆ ಇಲ್ಲದಂತೆ ಆಲ್ಕೋಹಾಲ್ ಇದೆಯೇ ಎಂದು ಲೇಬಲ್ ನೋಡಿ ತನ್ನಿ.

ಸೋಂಕು ಹೋಗಲೆಂದು ಹೊಗೆ ಹಾಕಿ ಹೋಗುವ ಸರ್ವಿಸ್‌ನವರನ್ನೂ ಕರೆಸಿದ್ದೆವು. ಮಧ್ಯಾಹ್ನದವರೆಗೆ ಆಫೀಸು ಮುಚ್ಚಿತ್ತು, ಮರುದಿನ ಕೆಮ್ಮುವವರು ಬಂದು ಕೂತ ಮೇಲೆ ಅದರಿಂದ ಏನೂ ಉಳಿಯಲಿಲ್ಲ.

ಏರ್ ಪ್ಯೂರಿಫೈಯರ್ ಒಳ್ಳೆಯ ವಸ್ತು. ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಅದರೊಳಗಿನ ಹೆಪಾ ಎಂಬ ದಟ್ಟ ಫಿಲ್ಟರ್ 0.3 ಮೈಕ್ರಾನ್‌ನಷ್ಟು ಸಣ್ಣ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ, ವೈರಸ್ ತುಂಬಿದ ಉಸಿರಿನ ಹನಿಗಳನ್ನೂ ಹಿಡಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಹಾಲ್ 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 85 ಘನ ಮೀಟರ್ ಗಾಳಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ್ದು, ಕೋಣೆಯ ಗಾಳಿ ಗಂಟೆಗೆ 5 ಸಲವಾದರೂ ಬದಲಾಗುವಷ್ಟು ಅಥವಾ ಶುದ್ಧವಾಗುವಷ್ಟು ವ್ಯವಸ್ಥೆ ಇರಲಿ ಎಂದು. ನಮಗೆ ಗಂಟೆಗೆ 425 ಘನ ಮೀಟರ್ ಬೇಕು. ನಾವು ತಂದ ಪ್ಯೂರಿಫೈಯರ್ ₹11,000, ಅದರ ಡಬ್ಬಿಯ ಮೇಲಿರುವುದು 250. ಅದೂ ಪೂರ್ತಿ ಜೋರಿನಲ್ಲಿ ಇಟ್ಟರೆ ಮಾತ್ರ. ಆ ಜೋರಿನಲ್ಲಿ ಕ್ಲೈಂಟ್ ಫೋನಿನಲ್ಲಿ ಹೇಳುವ ಇನ್‌ವಾಯ್ಸ್ ನಂಬರ್ ಕೇಳಿಸುವುದಿಲ್ಲ. ಆಟೋ ಮೋಡ್‌ನಲ್ಲಿ ಇಟ್ಟರೆ ಅದು ನೋಡುವುದು ಧೂಳನ್ನು. ಮೈಸೂರಿನ ಗಾಳಿಯಲ್ಲಿ ಧೂಳು ಕಡಿಮೆ ಇದ್ದ ದಿನ ಅದು ಸುಮ್ನೆ ಮೆಲ್ಲಗೆ ತಿರುಗುತ್ತಿರುತ್ತದೆ, ಪಕ್ಕದಲ್ಲೇ ಇಬ್ಬರು ಕೆಮ್ಮುತ್ತಿದ್ದರೂ. ವರ್ಷಕ್ಕೊಂದು ಫಿಲ್ಟರ್ ಖರ್ಚು ಬೇರೆ. ಕಿಟಕಿಯೇ ಇಲ್ಲದ ಕೋಣೆ ನಿಮ್ಮದಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ತನ್ನಿ, ಎರಡು ತನ್ನಿ.

ಈಗ ಫ್ಯಾನಿನ ಕಥೆ. ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ಬಹಳ ಜನ ಹಾಕಿಸಿಕೊಂಡು ‘ಉಪಯೋಗವಿಲ್ಲ’ ಎಂದು ಕೈಬಿಡುವುದು ಇಲ್ಲಿಯೇ.

ಬಾಡಿಗೆ ಕಟ್ಟಡ, ಗೋಡೆ ಒಡೆಯಲು ಓನರ್ ಒಪ್ಪಲಿಲ್ಲ. ಸರಿ, ಮೇಲಿನ ವೆಂಟಿಲೇಟರಿನ ಗಾಜು ತೆಗೆಸಿ, ಪ್ಲೈವುಡ್ ಹಲಗೆಗೆ ರಂಧ್ರ ಕೊರೆಸಿ ಅದರಲ್ಲಿ ಫ್ಯಾನ್ ಕೂರಿಸಿದೆವು. ಕೂಲಿ, ಹಲಗೆ, ವೈರು ಎಲ್ಲ ಸೇರಿ ಇನ್ನೊಂದು ₹900. ಸ್ವಿಚ್ ಹಾಕಿದ ದಿನವೇ ಹಾಲ್ ತುಂಬ ಚರಂಡಿ ವಾಸನೆ. ಫ್ಯಾನ್ ಆರಿಸಿದರೆ ವಾಸನೆ ಇಲ್ಲ, ಹಾಕಿದರೆ ಮತ್ತೆ ಶುರು. ಎಲ್ಲರೂ ಫ್ಯಾನನ್ನೇ ಬೈಯತೊಡಗಿದರು.

ಎಲೆಕ್ಟ್ರಿಷಿಯನ್ ಬಂದು ನೋಡಿ, “ಕಿಟಕಿ ಎಲ್ಲಾ ಮುಚ್ಚಿದೀರಲ್ಲ ಮೇಡಂ, ಅದು ಗಾಳಿ ಎಲ್ಲಿಂದ ಎಳೀಬೇಕು?” ಎಂದರು. ಎಸಿ ಹಾಕಿದ್ದರಿಂದ ಕಿಟಕಿ ಮುಚ್ಚಿದ್ದವು. ಫ್ಯಾನ್ ಒಳಗಿನ ಗಾಳಿ ಹೊರಗೆ ತಳ್ಳಿದಷ್ಟೂ ಬೇರೆ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ತೆರೆದಿದ್ದದ್ದು ಟಾಯ್ಲೆಟ್ ಬಾಗಿಲ ಕೆಳಗಿನ ಸಂದು ಒಂದೇ. ಅಲ್ಲಿ ನೆಲದ ನೀರು ಹೋಗುವ ಟ್ರ್ಯಾಪ್ ಒಣಗಿತ್ತು. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು, ಕೊಳವೆಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಅದು ಒಣಗಿದ್ದರಿಂದ ನಮ್ಮ ಫ್ಯಾನ್ ನೇರವಾಗಿ ಚರಂಡಿ ಕೊಳವೆಯಿಂದ ಗಾಳಿ ಎಳೆಯುತ್ತಿತ್ತು.

ಇದು ಬರೀ ವಾಸನೆಯ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗುಲಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಇದಕ್ಕೇ: ಸ್ನಾನದ ಮನೆಗಳ ಒಣಗಿದ ಟ್ರ್ಯಾಪು, ಅದರ ಮೂಲಕ ಕೊಳವೆಯ ಹನಿಗಳನ್ನು ಒಳಗೆ ಎಳೆದ ಎಕ್ಸಾಸ್ಟ್ ಫ್ಯಾನು. ಹಾಗಾಗಿ ಫ್ಯಾನ್ ಹಾಕಿಸುವವರು ದಯವಿಟ್ಟು ಟ್ರ್ಯಾಪಿಗೆ ದಿನಾ ಒಂದು ಮಗ್ ನೀರು ಹಾಕಿ, ಟಾಯ್ಲೆಟ್ ಬಾಗಿಲು ಮುಚ್ಚಿಡಿ, ಫ್ಯಾನಿಗೆ ಎದುರಿರುವ ಕಿಟಕಿಯನ್ನು ಅಂಗೈ ಅಗಲವಾದರೂ ತೆರೆದಿಡಿ.

ಗಾಳಿ ಯಾವ ದಾರಿಯಲ್ಲಿ ಓಡಾಡುತ್ತಿದೆ ಎಂದು ನೋಡಲು ಯಂತ್ರ ಬೇಡ. ಮೈಸೂರಿನಲ್ಲಿ ಊದುಬತ್ತಿಗೆ ಬರವೇ? ಒಂದು ಹಚ್ಚಿ ಕಿಟಕಿಯ ಹತ್ತಿರ ಹಿಡಿಯಿರಿ, ಹೊಗೆ ಒಳಕ್ಕೆ ಬಾಗಬೇಕು. ಟಾಯ್ಲೆಟ್ ಬಾಗಿಲ ಸಂದಿನಲ್ಲಿ ಹಿಡಿದಾಗ ಹಾಲಿನ ಕಡೆ ಬಾಗಿದರೆ ಕಿಟಕಿ ಇನ್ನಷ್ಟು ತೆರೆಯಬೇಕು ಎಂದರ್ಥ. ಪ್ರತಿ ಕುರ್ಚಿಯ ಹತ್ತಿರವೂ ಹಿಡಿದು ನೋಡಿ. ಕೆಮ್ಮುವವರ ಉಸಿರು ಕೋಣೆಯಲ್ಲಿ ಹರಡುವುದೂ ಈ ಹೊಗೆಯ ಹಾಗೆಯೇ. ನಮ್ಮಲ್ಲಿ ಫೈಲ್ ಬೀರುವಿನ ಹಿಂದಿನ ಮೂಲೆಯಲ್ಲಿ ಹೊಗೆ ನಿಂತಲ್ಲೇ ನಿಂತಿತು. ಆ ಮೂಲೆಯ ಟೇಬಲ್ ಎತ್ತಿ ಬೇರೆ ಕಡೆ ಹಾಕಿದೆವು, ಪ್ರಿಂಟರ್ ಅಲ್ಲಿಗೆ ಹೋಯಿತು.

ಗೆಳತಿಯ ಹತ್ತಿರ ಕಾರ್ಬನ್ ಡೈ ಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಇತ್ತು, ತಂದು ಇಟ್ಟೆ. ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ಅದರಿಂದ ಅಂದಾಜು ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ತೋರಿಸುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದಾಗ ಮಧ್ಯಾಹ್ನದ ಹೊತ್ತಿಗೆ 1,900 ದಾಟಿತು, ಯಾಕೆಂದರೆ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಂಪು ಮಾಡಿ ಮತ್ತೆ ನಮ್ಮ ಮುಖಕ್ಕೆ ಬಿಡುತ್ತದೆ. ಫ್ಯಾನ್, ಕಿಟಕಿ ಎರಡೂ ಇದ್ದಾಗ 700ರ ಆಸುಪಾಸು ನಿಂತಿತು. ಪ್ಯೂರಿಫೈಯರನ್ನು ಮಾತ್ರ ಈ ಮೀಟರಿನಿಂದ ಅಳೆಯಬೇಡಿ. ಅದು ಕಣ ಹಿಡಿಯುತ್ತದೆ, ಕಾರ್ಬನ್ ಡೈ ಆಕ್ಸೈಡ್ ಹಿಡಿಯುವುದಿಲ್ಲ. ಅದಕ್ಕೆ ಅನ್ಯಾಯ ಆಗುತ್ತದೆ.

ಕಿಟಕಿ ತೆರೆದರೆ ಶೀತ ಆಗುತ್ತೆ ಎಂದು ನಮ್ಮಲ್ಲಿ ಇಬ್ಬರು ಬಲವಾಗಿ ನಂಬಿದ್ದರು. ಅವರ ಜೊತೆ ವಾದ ಮಾಡುವ ಬದಲು ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆಯ ವಿಷಯ ಹೇಳಿದೆ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರ ಹೆಸರಿನಲ್ಲಿ 1921ರಲ್ಲಿ ಶುರುವಾದ ಸ್ಯಾನಟೋರಿಯಂ ಅದು. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಊರ ಗದ್ದಲದಿಂದ ದೂರ, ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ, ಇಷ್ಟನ್ನೇ ಆ ಕಾಲದ ಸ್ಯಾನಟೋರಿಯಂಗಳು ನಂಬಿದ್ದವು. ಆ ಇಬ್ಬರಲ್ಲಿ ಒಬ್ಬರ ತಾತ ಅಲ್ಲಿ ಇದ್ದು ಗುಣವಾಗಿ ಬಂದವರಂತೆ. ಆಮೇಲೆ ಕಿಟಕಿಯ ಜಗಳ ಕಡಿಮೆಯಾಯಿತು. ಕಿಟಕಿಯ ಪಕ್ಕದ ಕುರ್ಚಿಯನ್ನು ಬಿಸಿಲು-ಗಾಳಿ ಬೇಕೆನ್ನುವವರಿಗೆ ಕೊಟ್ಟೆವು. ಸೊಳ್ಳೆ ಪರದೆ ಹಾಕಿಸಲೇಬೇಕು. ಕೆಮ್ಮು ತಪ್ಪಿಸಲು ಹೋಗಿ ಡೆಂಗಿ ತಂದುಕೊಳ್ಳಬಾರದು. ಆ ಪರದೆ ಧೂಳು ಕಟ್ಟಿದರೆ ಗಾಳಿಯೂ ನಿಲ್ಲುತ್ತದೆ, ತಿಂಗಳಿಗೊಮ್ಮೆ ಬ್ರಷ್ ಹಾಕಿ ತೊಳೆಯಿರಿ.

ಮಾಸ್ಕ್: ಕೆಮ್ಮು ಇರುವವರು ಹಾಕಿಕೊಂಡರೆ ಎಲ್ಲರಿಗೂ ಉಪಕಾರ. ಮನೆಯಲ್ಲಿ ವಯಸ್ಸಾದವರಿದ್ದರೆ ನೀವೇ ಎನ್95 ಹಾಕಿ. ಮುಂದೆ ಪುಟ್ಟ ವಾಲ್ವ್ ಇರುವುದನ್ನು ಮಾತ್ರ ತರಬೇಡಿ, ಅದು ನಿಮ್ಮ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ದಿನವಿಡೀ ಏಳು ಜನ ಹಾಕಿಕೊಂಡಿರುತ್ತಾರೆ ಎಂದು ನಂಬಿ ಆಫೀಸು ನಡೆಸಲು ಆಗುವುದಿಲ್ಲ. ಊಟದ ಹೊತ್ತಿಗೆ ಎಲ್ಲರದೂ ಕೆಳಗೆ ಬರುತ್ತದೆ.

ರಜೆ ಮಾತ್ರ ಯಾವ ಯಂತ್ರಕ್ಕಿಂತಲೂ ಮೇಲೆ. ಫ್ಲೂ ಬಂದವರು ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ಹರಡುತ್ತಿರುತ್ತಾರೆ, ಅದಕ್ಕೇ ಫ್ಯಾನ್ ದಿನಾ ಓಡಬೇಕು. ಆದರೆ ಜ್ವರ ಬಂದ ಮೇಲಿನ ಮೊದಲ ಮೂರು ನಾಲ್ಕು ದಿನ ಹರಡುವುದು ತುಂಬಾ ಜಾಸ್ತಿ, ಆ ದಿನಗಳಲ್ಲಿ ಮನೆಯಲ್ಲಿರುವುದೇ ಎಲ್ಲಕ್ಕಿಂತ ಒಳ್ಳೆಯದು. ಸಂಬಳ ಕತ್ತರಿಸಿದರೆ ಯಾರೂ ಮನೆಯಲ್ಲಿ ಇರುವುದಿಲ್ಲ, ಮಾತ್ರೆ ನುಂಗಿ ಬಂದು ಕೂರುತ್ತಾರೆ. ಇಎಸ್‌ಐ ಎಂಬ ನೌಕರರ ವಿಮೆ ಇರುವ ಕಡೆ ಕಾಯಿಲೆ ರಜೆಗೆ ಸಂಬಳದ 70 ಶೇಕಡಾ ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ನಾವು ಹತ್ತು ಜನಕ್ಕಿಂತ ಕಡಿಮೆ, ನಮಗೆ ಅದಿಲ್ಲ. ಹಾಗಾಗಿ ಪೂರ್ತಿ ಸಂಬಳವನ್ನು ಆಫೀಸೇ ಕೊಡುತ್ತದೆ, ಆಗುವವರು ಮನೆಯಿಂದ ಎರಡು ಗಂಟೆ ಕೆಲಸ ನೋಡುತ್ತಾರೆ. ಒಬ್ಬರ ಮೂರು ದಿನದ ಸಂಬಳ, ನಾಲ್ಕು ಜನ ಮಲಗಿ 20ನೇ ತಾರೀಖು ತಪ್ಪಿ ಕಟ್ಟುವ ಲೇಟ್ ಫೀ, ಇವೆರಡರಲ್ಲಿ ಯಾವುದು ಹಗುರ ಎಂದು ಲೆಕ್ಕದವರಿಗೆ ಹೇಳಬೇಕಾಗಿಲ್ಲ.

ಕೈಯಲ್ಲಿ ₹3,000 ಇದ್ದರೆ ಫ್ಯಾನ್, ಸೊಳ್ಳೆ ಪರದೆ, ಸೋಪು ಮೂರೂ ಆಗುತ್ತವೆ. ಫ್ಯಾನ್ ಕೊಳ್ಳುವಾಗ ಡಬ್ಬಿಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಬರೆದಿರುವುದನ್ನು ನೋಡಿ. ನಮ್ಮದು ಸುಮಾರು 600, ಪರದೆ-ಧೂಳಿಗೆ ಮೂರನೇ ಒಂದು ಭಾಗ ಕಳೆದರೂ 400 ಉಳಿಯುತ್ತದೆ, ನಮ್ಮ ಹಾಲಿಗೆ ಐದು ಸಲದ ಹತ್ತಿರ ಬರುತ್ತದೆ. ಪ್ಯೂರಿಫೈಯರ್ ಈಗಾಗಲೇ ಇರುವವರು ಅದನ್ನು ಮಾರಬೇಡಿ. ಏಪ್ರಿಲ್-ಮೇ ಸೆಕೆಯಲ್ಲಿ ನಾವು ಎಸಿ ಜೊತೆಗೆ ಅದನ್ನು ಓಡಿಸಿ, ಗಂಟೆಗೊಮ್ಮೆ ಹತ್ತು ನಿಮಿಷ ಕಿಟಕಿ ತೆರೆದು ಫ್ಯಾನ್ ಹಾಕುತ್ತೇವೆ. ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ. ಜೂನ್ ಮಳೆ ಶುರುವಾದ ಮೇಲೆ ಎಸಿಯೇ ಬೇಡ, ಫ್ಯಾನ್ ಬೆಳಗ್ಗೆ ಬೀಗ ತೆಗೆದಾಗ ಹಾಕಿದ್ದು ಸಂಜೆಯವರೆಗೆ ಓಡುತ್ತದೆ.