ಹಂಪನಕಟ್ಟೆಯ ಒಂದು ಮೆಡಿಕಲ್: ನಾಲ್ಕೂವರೆ ವರ್ಷದ ಅನುಭವ

ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ಸಮಸ್ಯೆ. 2021ರ ಫೆಬ್ರವರಿಯಿಂದ ಮೀಥೈಲ್‌ಫೆನಿಡೇಟ್ ಮಾತ್ರೆ ತಗೊಳ್ಳುತ್ತಿದ್ದಾನೆ. ಆಗ ಎರಡನೇ ಕ್ಲಾಸು, ಈಗ ಏಳನೇದು. ಈ ಮದ್ದನ್ನು ನಾವು ತರುವುದು ಮಂಗಳೂರಿನ ಹಂಪನಕಟ್ಟೆಯ ಒಂದು ಹಳೇ ಮೆಡಿಕಲ್‌ನಿಂದ. ಇಂಥ ಮದ್ದು ಬೇಕಾದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಚೀಟಿ ಹಿಡಿದು ಐದು ಮೆಡಿಕಲ್ ಸುತ್ತಿದೆವು. ನಾಲ್ಕು ಕಡೆ ಇಲ್ಲ ಅಂದರು. ಐದನೆಯ ಅಂಗಡಿಯವರು ಚೀಟಿಯನ್ನು ಸರಿಯಾಗಿ ನೋಡಲೂ ಇಲ್ಲ. ಸ್ಟ್ರಿಪ್ ಕೊಟ್ಟು ದುಡ್ಡು ತಗೊಂಡರು, ಬಿಲ್ ಇಲ್ಲ. ಎಷ್ಟು ಸುಲಭ ಆಯ್ತು ಅಂತ ಖುಷಿಯಾಗಿತ್ತು. ಮನೆಗೆ ಬಂದು ನೋಡಿದರೆ 10 ಮಿ.ಗ್ರಾಂ. ಬದಲು 20 ಮಿ.ಗ್ರಾಂ. ಮಾತ್ರೆ! ಏಳು ವರ್ಷದ ಮಗು. ಇವತ್ತಿಗೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಹಂಪನಕಟ್ಟೆಯ ಈ ಅಂಗಡಿ ಅದಕ್ಕೆ ಪೂರ್ತಿ ವಿರುದ್ಧ. ಮೊದಲ ಸಲ ಹೋದಾಗ ನನ್ನನ್ನು ವಾಪಸ್ ಕಳಿಸಿದ್ದರು. ಡಾಕ್ಟರು ಒಂದೇ ಚೀಟಿ ಕೊಟ್ಟಿದ್ದರು, ಇದಕ್ಕೆ ಎರಡು ಬೇಕು. ಈ ಮಾತ್ರೆ ಷೆಡ್ಯೂಲ್ ಎಕ್ಸ್‌ನಲ್ಲಿ, ಅಂದರೆ ಬಿಗಿ ನಿಯಮ ಇರುವ ಮದ್ದುಗಳ ಸರಕಾರಿ ಪಟ್ಟಿಯಲ್ಲಿ ಬರುತ್ತದೆ. ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಇನ್ನೊಂದು ನಮಗೆ. ಎರಡರಲ್ಲೂ ಡಾಕ್ಟರ ಸಹಿ ಇರಬೇಕು, ಜೆರಾಕ್ಸ್ ಆಗುವುದಿಲ್ಲ ಅಂತ ಇವರ ಪಟ್ಟು. ಇಂಥ ಮದ್ದು ಮಾರಲಿಕ್ಕೆ ಅಂಗಡಿಗೆ ಲೈಸೆನ್ಸೇ ಬೇರೆ, ಬೀಗ ಹಾಕಿದ ಕಪಾಟೂ ಬೇರೆ. ಎಲ್ಲ ಕಡೆ ಯಾಕೆ ಸಿಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಕೊಡುವ ರೀತಿಯನ್ನೂ ಹೇಳಬೇಕು. ಫಾರ್ಮಸಿಸ್ಟ್ ಅಣ್ಣ ಕನ್ನಡಕ ಏರಿಸಿ ಚೀಟಿಯನ್ನು ಮೇಲಿಂದ ಕೆಳಗೆ ಓದುತ್ತಾರೆ. ಮಗನ ಹೆಸರು, ವಿಳಾಸ, ತಾರೀಕು, ಎಷ್ಟು ಮಿ.ಗ್ರಾಂ., ದಿನಕ್ಕೆಷ್ಟು, ಒಟ್ಟು ಎಷ್ಟು ಮಾತ್ರೆ, ಡಾಕ್ಟರ ಸಹಿ. ಸೊಂಟದ ಬೀಗದ ಕೈ ತೆಗೆದು ಕಪಾಟು ತೆರೆಯುತ್ತಾರೆ. ಮಾತ್ರೆಗಳನ್ನು ನನ್ನೆದುರೇ ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಚೀಟಿಯ ಮೇಲೆ ಅಂಗಡಿಯ ಸೀಲು ಒತ್ತಿ ತಾರೀಕು ಹಾಕುತ್ತಾರೆ. ಒಮ್ಮೆ ಹೀಗೆ ಸೀಲು ಬಿದ್ದರೆ ಮುಗಿಯಿತು. ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆಯದಿದ್ದರೆ ಅದೇ ಚೀಟಿಗೆ ಇನ್ನೊಮ್ಮೆ ಮದ್ದಿಲ್ಲ. ಎಲ್ಲ ಸೇರಿ ಹತ್ತು ನಿಮಿಷ.

2023ರ ಜುಲೈಯಲ್ಲಿ ಮಾತ್ರ ನನಗೆ ಇವರ ಮೇಲೆ ತುಂಬಾ ಸಿಟ್ಟು ಬಂದಿತ್ತು. ಕಂಕನಾಡಿಯ ಕ್ಲಿನಿಕ್‌ನಿಂದ ಸ್ಕೂಟರಿನಲ್ಲಿ ಬರುವಾಗ ಜೋರು ಮಳೆ. ರೈನ್‌ಕೋಟಿನ ಕಿಸೆಯಲ್ಲಿದ್ದ ಚೀಟಿ ಎರಡೂ ಒದ್ದೆ, ಶಾಯಿ ಹರಿದು ನೀಲಿ ನೀಲಿ. ಅಣ್ಣ ಅದನ್ನು ಗಾಜಿನ ಮೇಲೆ ಹರಡಿ, ಹತ್ತಿಯಿಂದ ಮೆಲ್ಲ ಒತ್ತಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರು. "ಅಕ್ಕ, ಹೆಸರು ಕಾಣ್ತದೆ, ಸಹಿ ಕಾಣ್ತದೆ. ಎಷ್ಟು ಮಾತ್ರೆ ಅಂತ ಕಾಣುದಿಲ್ಲ. ಅಂದಾಜಿಗೆ ಕೊಡ್ಲಿಕ್ಕೆ ಆಗುದಿಲ್ಲ" ಅಂದರು. ಮನೆಯಲ್ಲಿ ಎರಡೇ ಮಾತ್ರೆ ಉಳಿದಿತ್ತು. ನಾಲ್ಕು ಮಾತು ಆಡಿಯೇಬಿಟ್ಟೆ. ಅವರು ಏನೂ ಹೇಳದೆ ಕ್ಲಿನಿಕ್‌ಗೆ ಫೋನ್ ಮಾಡಿ, ಡಾಕ್ಟರು ಹೊರಡದಂತೆ ನಿಲ್ಲಿಸಿದರು. ಹೊಸ ಚೀಟಿ ತರುವವರೆಗೆ ಅಂಗಡಿ ಬಾಗಿಲೂ ಹಾಕಲಿಲ್ಲ. ಆ ಸಲ ಚೀಟಿ ಇಟ್ಟುಕೊಳ್ಳಲಿಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಕವರನ್ನೂ ಕೊಟ್ಟರು. ಅದೇ ಕವರು ಈಗಲೂ ನನ್ನ ಬ್ಯಾಗಿನಲ್ಲಿದೆ.

ಕೊರತೆ ಇಲ್ಲ ಅಂತಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಬಂದ್. ಗಾಡಿ ನಿಲ್ಲಿಸಲಿಕ್ಕೆ ಜಾಗ ಇಲ್ಲ. ಎರಡು ಸಲ ಸ್ಟಾಕ್ ಬರಲಿಲ್ಲ, ನಾವು ಉಡುಪಿವರೆಗೆ ಹೋಗಬೇಕಾಯಿತು. ಬೇರೆ ಮದ್ದು ಮನೆಗೆ ಕಳಿಸುತ್ತಾರೆ, ಇದನ್ನು ಕಳಿಸುವುದಿಲ್ಲ. ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಹಾಕಿದರೂ ಅಷ್ಟೇ.

ವೀಡಿಯೊ ಕಾಲಿನಲ್ಲಿ ಬರೆಸಿಕೊಳ್ಳಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ನಿಯಮದಲ್ಲಿ ಷೆಡ್ಯೂಲ್ ಎಕ್ಸ್ ಮದ್ದು ಬರೆಯುವ ಹಾಗಿಲ್ಲ ಅಂತ ಸ್ಪಷ್ಟವಾಗಿದೆ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲೂ ಡಾಕ್ಟರು ಮಗನನ್ನು ಕರೆಸಿ ನೋಡಿಯೇ ಬರೆದರು.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೂ ಇದೇ ಮಾತ್ರೆ. ಅವನಿಗೆ ಕಾಗದವೇ ಇಲ್ಲ, ಡಾಕ್ಟರು ಕಂಪ್ಯೂಟರಿನಿಂದ ನೇರ ಫಾರ್ಮಸಿಗೆ ಕಳಿಸುತ್ತಾರೆ. ಹಾಗಂತ ಅಲ್ಲೂ ಸಡಿಲ ಇಲ್ಲ. ಒಂದು ಚೀಟಿಗೆ ಒಂದೇ ಸಲ ಮದ್ದು. ಮೊದಲೆಲ್ಲ ಫಾರ್ಮಸಿಯಲ್ಲಿ ಸ್ಟಾಕ್ ಇಲ್ಲದಿದ್ದರೆ ಮತ್ತೆ ಡಾಕ್ಟರಿಗೆ ಹೇಳಿ ಬೇರೆ ಕಡೆಗೆ ಹೊಸದಾಗಿ ಕಳಿಸಬೇಕಿತ್ತು. 2023ರ ಆಗಸ್ಟ್‌ನಿಂದ ಫಾರ್ಮಸಿಯವರೇ ಒಂದು ಸಲ ಇನ್ನೊಂದು ಫಾರ್ಮಸಿಗೆ ದಾಟಿಸಬಹುದು. ನಾವು ಉಡುಪಿಗೆ ಓಡಿದ ದಿನ ನಮಗೂ ಇಂಥದ್ದೊಂದು ಇದ್ದಿದ್ದರೆ ಅನಿಸಿತು.

ಹೊಸಬರು ಇಷ್ಟು ಮಾಡಿ ಸಾಕು. ಡಾಕ್ಟರ ಕೋಣೆಯಿಂದ ಏಳುವ ಮೊದಲೇ ಎರಡೂ ಚೀಟಿ ಓದಿ ನೋಡಿ. ಒಟ್ಟು ಮಾತ್ರೆ ಎಷ್ಟು ಅಂತ ಬರೆಯುವುದೇ ಜಾಸ್ತಿ ಬಿಟ್ಟುಹೋಗುವುದು. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಅಂಗಡಿಗೆ ಫೋನ್ ಮಾಡಿ.

ನನ್ನ ಲೆಕ್ಕದಲ್ಲಿ 5ಕ್ಕೆ ನಾಲ್ಕೂವರೆ, ಅರ್ಧ ಕಳೆದದ್ದು ಸ್ಟಾಕಿಗೆ. ಬರುವ ಸೋಮವಾರ ಮತ್ತೆ ಹೋಗಬೇಕು. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ, "ಉಂಟು ಅಕ್ಕ, ಬನ್ನಿ" ಅಂದರು.