ಜೆಬಿಎಲ್ 2446 ಡ್ರೈವರ್, 2380 ಹಾರ್ನ್: ಕೆಲವು ವರ್ಷ ಬಳಸಿದ ಮೇಲೆ

ಗಂಗೂಬಾಯಿ ಹಾನಗಲ್ ಅವರ ಧ್ವನಿ ಮನೆಯಲ್ಲಿ ಪೂರ್ತಿಯಾಗಿ ಕೇಳಬೇಕು. ಹಾರ್ನ್, ಅಂದರೆ ತುತ್ತೂರಿಯಂತೆ ಅಗಲವಾಗುವ ಸ್ಪೀಕರ್ ಬಾಯಿ, ಹುಡುಕಲು ಹೊರಟಾಗ ನನಗಿದ್ದ ಆಸೆ ಇಷ್ಟೇ. ಆ ತುಂಬು ಕಂಠವನ್ನು ಮಾಮೂಲಿ ಟೂ-ವೇ ಸ್ಪೀಕರ್‌ಗಳು ಎರಡು ತುಂಡು ಮಾಡುತ್ತವೆ. ಕೆಳಗಿನ ಸ್ವರ ದೊಡ್ಡದಾದ ವೂಫರ್‌ಗೆ, ಮೇಲಿನದು ಚಿಕ್ಕದಾದ ಟ್ವೀಟರ್‌ಗೆ. ಕತ್ತರಿ ಬೀಳುವುದು ಸಾಮಾನ್ಯವಾಗಿ 2000-3000 ಹರ್ಟ್ಜ್ ಆಸುಪಾಸಿನಲ್ಲಿ, ಅಂದರೆ ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗದಲ್ಲೇ.

ಹಾಗಾಗಿ ಒಂದೇ ಷರತ್ತು ಇಟ್ಟುಕೊಂಡೆ: 700 ಹರ್ಟ್ಜ್‌ನಿಂದ ಮೇಲಿನದ್ದೆಲ್ಲ ಒಂದೇ ಬಾಯಿಂದ ಬರಬೇಕು. ಅಲ್ಲಿಗೆ ಒಂದು ಇಂಚಿನ ಬಾಯಿಯ ಡ್ರೈವರ್‌ಗಳು (ಹಾರ್ನ್ ಹಿಂದೆ ಕೂತು ಸದ್ದು ಹುಟ್ಟಿಸುವ ಭಾಗ) ಪಟ್ಟಿಯಿಂದ ಹೊರಗೆ ಹೋದವು. ಅವುಗಳಲ್ಲಿ ಹೆಚ್ಚಿನವು 1200 ಹರ್ಟ್ಜ್‌ಗಿಂತ ಕೆಳಗೆ ನೆಮ್ಮದಿಯಾಗಿ ದುಡಿಯುವುದಿಲ್ಲ. ನಾನು ಆರಿಸಿದ ಜೆಬಿಎಲ್ 2446ರದ್ದು ಎರಡು ಇಂಚಿನ ಬಾಯಿ, ನಾಲ್ಕು ಇಂಚಿನ ಟೈಟಾನಿಯಂ ಡಯಾಫ್ರಾಮ್ (ಕಂಪಿಸಿ ಸದ್ದು ಮಾಡುವ ತೆಳು ತಗಡು). 2380 ಹಾರ್ನ್ ಕೂಡ 500 ಹರ್ಟ್ಜ್‌ವರೆಗೆ ಇಳಿಯುತ್ತದೆ. ಕೆಳಗಿರುವ 15 ಇಂಚಿನ ವೂಫರ್ 1000 ಹರ್ಟ್ಜ್ ದಾಟಿದರೆ ಧ್ವನಿಯನ್ನು ಎದುರಿಗೆ ಮಾತ್ರ ಚೆಲ್ಲಲು ಶುರು ಮಾಡುತ್ತದೆ. ಅದಕ್ಕೂ ಮೊದಲೇ ಹಾರ್ನ್ ಕೈಗೆತ್ತಿಕೊಂಡರೆ ಜೋಡಣೆ ಗೊತ್ತೇ ಆಗುವುದಿಲ್ಲ.

ಹೊಸದು ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಆದರೆ ಈ ಡ್ರೈವರ್‌ಗಳು ಸಿನಿಮಾ ಟಾಕೀಸುಗಳಲ್ಲಿ ಪರದೆಯ ಹಿಂದೆ ನಿಂತು ಡೈಲಾಗ್ ಹೇಳಿದವು. ಹಳೇ ಟಾಕೀಸುಗಳು ಮುಚ್ಚಿದಾಗ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ಕೈಗೆ ಬರುತ್ತವೆ. ಕೊಳ್ಳುವಾಗ ಜೇಬಿನಲ್ಲಿ ಮಲ್ಟಿಮೀಟರ್ ಇರಲಿ. ವಿದ್ಯುತ್ ತಡೆಯ ಲೆಕ್ಕದಲ್ಲಿ 2446ಎಚ್ ಅಂದರೆ 8 ಓಮ್, 2446ಜೆ ಅಂದರೆ 16. ವರ್ಷಾನುಗಟ್ಟಲೆ ದುಡಿದ ಮಾಲಲ್ಲಿ ಡಯಾಫ್ರಾಮ್ ಬದಲಾಗಿರಬಹುದು. ಎರಡೂ ಡ್ರೈವರ್ ಒಂದೇ ರೀಡಿಂಗ್ ಕೊಡಬೇಕು. ಕೊಡದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟು ಬನ್ನಿ.

ನಾನು ನಿರೀಕ್ಷಿಸದೇ ಇದ್ದ ಖುಷಿ ಸಿಕ್ಕಿದ್ದು ಸಣ್ಣ ವಾಲ್ಯೂಮಿನಲ್ಲಿ. ಹಾರ್ನ್ ಅಂದರೆ ಜೋರು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ರಾತ್ರಿ ಪಕ್ಕದ ಮನೆಯವರು ಮಲಗಿದ ಮೇಲೂ ಮಲ್ಲಿಕಾರ್ಜುನ ಮನ್ಸೂರರ ತಾನಿನಲ್ಲಿ ಸ್ವರ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಅಷ್ಟು ಸದ್ದಿಗೆ ಡಯಾಫ್ರಾಮ್ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಕಡಿಮೆ ಅಲುಗಿದಷ್ಟೂ ಧ್ವನಿ ಕೆಡುವುದು ಕಡಿಮೆ.

ಆನ್ ಮಾಡುವುದಕ್ಕೂ ಒಂದು ಕ್ರಮವಿದೆ, ನನಗೆ ಅದು ಬಲು ಇಷ್ಟ. ಮೊದಲು ಪ್ರೀಆಂಪ್, ಆಮೇಲೆ ಧ್ವನಿಯನ್ನು ವೂಫರ್‌ಗೂ ಹಾರ್ನ್‌ಗೂ ಹಂಚುವ ಕ್ರಾಸ್‌ಓವರ್, ವೂಫರ್ ಆಂಪ್, ಕೊನೆಗೆ ಹಾರ್ನ್ ಆಂಪ್. ಆಫ್ ಮಾಡುವಾಗ ಹಾರ್ನ್ ಆಂಪ್ ಮೊದಲು. ಉಳಿದ ಯಂತ್ರಗಳು ಹೊರಡಿಸುವ ‘ಡಬ್’ ಸದ್ದು ಡ್ರೈವರ್‌ವರೆಗೆ ಹೋಗಬಾರದು. ಡ್ರೈವರ್ ಜೊತೆ ಸೀರೀಸಿನಲ್ಲಿ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೂಡ ಇದೆ. ಆಂಪ್ ಕೆಟ್ಟು ಡಿಸಿ (ನೇರ ವಿದ್ಯುತ್) ಬಂದರೂ ಅದು ತಡೆಯುತ್ತದೆ.

ಇನ್ನು ತೊಂದರೆಗೆ ಬರೋಣ. ಬೇಸಿಗೆಯಲ್ಲಿ ಫ್ಯಾನ್ ಓಡುತ್ತಿರುವಷ್ಟು ದಿನ ಏನೂ ಗೊತ್ತಾಗಲಿಲ್ಲ. ಚಳಿ ಬಂದು ಫ್ಯಾನ್ ನಿಂತಿತು ನೋಡಿ, ಹಾರ್ನ್‌ನಿಂದ ಸುಯ್ಯೆನ್ನುವ ಸದ್ದು. ಹಾಡು ಜೋರಾಗಿದ್ದಾಗ ಪರವಾಗಿಲ್ಲ. ಆಲಾಪದ ಶುರುವಿನಲ್ಲಿ, ಬರೀ ತಂಬೂರಿ ಇರುವಾಗ, ಅದರ ಜೊತೆಗೇ ಸುಯ್ ಸುಯ್. ನನಗೆ ಸಿಟ್ಟೇ ಬಂತು. ಯಾವ ಧ್ವನಿಗಾಗಿ ಇಷ್ಟೆಲ್ಲ ಮಾಡಿದೆನೋ ಅದರ ಮೇಲೇ ಧೂಳು ಕೂತ ಹಾಗಾಯಿತು.

ಡ್ರೈವರಿನದು ಏನೂ ತಪ್ಪಿಲ್ಲ. ಅದು ಹಾರ್ನಿನಲ್ಲಿ ಒಂದು ವಾಟ್‌ಗೆ ಸುಮಾರು 110 ಡೆಸಿಬಲ್ ಕೊಡುತ್ತದೆ. ವೂಫರ್ 97ರ ಆಸುಪಾಸು. ಆಂಪ್‌ನೊಳಗಿನ ಅಷ್ಟಿಷ್ಟು ಸದ್ದು ಮಾಮೂಲಿ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ, ಇಲ್ಲಿ ಎದ್ದು ಕಾಣುತ್ತದೆ. ಕ್ರಾಸ್‌ಓವರ್‌ನಲ್ಲಿ ಲೆವೆಲ್ ತಗ್ಗಿಸಿದರೆ ಹಾಡು ಇಳಿಯುತ್ತದೆ, ಆಂಪ್‌ನ ಸುಯ್ ಇಳಿಯುವುದಿಲ್ಲ. ತಗ್ಗಿಸಬೇಕಾದ್ದು ಆಂಪ್ ಆದ ಮೇಲೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ದಪ್ಪ ವೈರ್‌ವೂಂಡ್ (ತಂತಿ ಸುತ್ತಿದ) ರೆಸಿಸ್ಟರ್ ತಂದೆ. 6 ಓಮ್ ಸೀರೀಸಿನಲ್ಲಿ, 2.7 ಓಮ್ ಡ್ರೈವರಿಗೆ ಪ್ಯಾರಲಲ್. 8 ಓಮ್ ಡ್ರೈವರಿಗೆ ಇದು 12 ಡೆಸಿಬಲ್ ಇಳಿಸುತ್ತದೆ, ಆಂಪ್‌ಗೆ ಮಾತ್ರ ಮೊದಲಿನ 8 ಓಮೇ ಕಾಣುತ್ತದೆ. ಪವರ್ ಹದಿನಾರನೇ ಒಂದು ಭಾಗಕ್ಕೆ ಇಳಿಯಿತು. 20 ವಾಟ್ ಆಂಪ್‌ನಿಂದ ಡ್ರೈವರಿಗೆ ಸಿಗುವುದು ಸುಮಾರು ಒಂದೂಕಾಲು ವಾಟ್. ಮನೆಗೆ ಅದೇ ಜಾಸ್ತಿ. ಈಗ ಸುಯ್ ಕೇಳಬೇಕೆಂದರೆ ಹಾರ್ನಿಗೆ ಕಿವಿ ಹಚ್ಚಬೇಕು. ತಂಬೂರಿ ಮತ್ತೆ ಒಂಟಿಯಾಗಿ ಕೇಳುತ್ತದೆ, ಗಂಗೂಬಾಯಿಯವರು ಮಂದ್ರಕ್ಕೆ ಇಳಿದಾಗ ಧ್ವನಿಯ ದಪ್ಪ ಎಲ್ಲೂ ಒಡೆಯುವುದಿಲ್ಲ.

ಇನ್ನೊಂದು ವಿಷಯ. 2380ಯಂತಹ ಹಾರ್ನ್ ಧ್ವನಿಯನ್ನು ಅಗಲಕ್ಕೆ ಸಮನಾಗಿ ಹರಡುತ್ತದೆ, ಅದಕ್ಕೆ ಬದಲಾಗಿ ಮೇಲ್ತುದಿ ಇಳಿಯುತ್ತದೆ. ಈಕ್ವಲೈಸರ್‌ನಲ್ಲಿ ಅದನ್ನು ಎತ್ತಿಕೊಡಲೇಬೇಕು. ಆಗಲೂ ತಾಳದ ಕಿಣಿಕಿಣಿ ಒಳ್ಳೇ ಟ್ವೀಟರ್‌ನಷ್ಟು ನವಿರಾಗಿ ಬರುವುದಿಲ್ಲ. ನಾನು ಕೇಳುವುದು ಮುಕ್ಕಾಲು ಪಾಲು ಗಾಯನ, ನನಗೆ ಅದು ಕೊರತೆ ಅನ್ನಿಸಿಲ್ಲ. ನೀವು ಸಂತೂರ್, ಡ್ರಮ್ಸ್ ಜಾಸ್ತಿ ಕೇಳುವವರಾದರೆ ಮೇಲೊಂದು ಟ್ವೀಟರ್‌ಗೂ ದುಡ್ಡು ಎತ್ತಿಡಿ. ಕೂರುವ ಜಾಗ ಸ್ಪೀಕರ್‌ನಿಂದ ಎಂಟು ಅಡಿಗಿಂತ ಹತ್ತಿರ ಇದ್ದರೆ ಈ ಜೋಡಿ ಬೇಡ. ಒಂದು ಇಂಚಿನ ಡ್ರೈವರ್, ಚಿಕ್ಕ ಹಾರ್ನ್, 12 ಇಂಚಿನ ವೂಫರ್ ಅಲ್ಲಿಗೆ ಚೆನ್ನಾಗಿ ಹೊಂದುತ್ತವೆ.